ವಲ್ಲಿಯ ಕೆಳಗೆ ಐದು ಬೆರಳು

ಹೋದ ವಾರ ಒಂದು ಜೋಡಿ ಎತ್ತಿನ ವ್ಯವಹಾರಕ್ಕೆಂದು ಖಾನಾಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ತಂಗಿಯ ಮನೆಗೆ ನಡೆಯುವಷ್ಟರಲ್ಲಿ ಮಳೆ ಬೆನ್ನಿಗೆ ಹರಳು ತೂರಿದಂತೆ ಹೊಡೆಯಿತು. ತಂಗಿ ಬಾಗಿಲಲ್ಲೇ ನನ್ನ ಹೆಗಲ ಮೇಲಿನ ವಲ್ಲಿಯನ್ನು ಕಿತ್ತುಕೊಂಡು ನೀರೊಲೆಯ ಮೇಲಿನ ಹಗ್ಗಕ್ಕೆ ಎಸೆದಳು. ಸ್ವಲ್ಪ ಹೊತ್ತಿಗೆ ಒದ್ದೆ ಅರಿವೆ ಬಿಸಿಯಾಗಿ ವಾಸನೆ ಬಿಟ್ಟಿತು. ಹೊಗೆ, ದನದ ಮೈ, ಬೆವರು, ಎಲ್ಲಾ ಕೂಡಿದ ವಾಸನೆ. ಅದು ಮೂಗಿಗೆ ಹತ್ತಿದ್ದೇ ತಡ, ನನ್ನ ಬಲಗೈಯ ಡೊಂಕಾದ ಉಂಗುರಬೆರಳು ತಾನಾಗಿ ಒಳಗೆ ಮಡಚಿಕೊಂಡಿತು. ಮೂರು ವರ್ಷದ ಹಿಂದಿನ ಮಳೆಗಾಲ ಆ ಮನೆಯಲ್ಲಿ ಹೀಗೇ ನಾರುತ್ತಿತ್ತು. ಆ ಮಳೆಗಾಲದಲ್ಲಿ ಅಲ್ಲಿ ಒಣಗಿದ ಅರಿವೆ ಇರಲಿಲ್ಲ, ಹೊಡೆತದ ಭಯವಿಲ್ಲದ ವಾರವೂ ಇರಲಿಲ್ಲ.

ವಲ್ಲಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ದನದ ದಲ್ಲಾಳಿ. ಬೆಳಗಾವಿಯ ಖಾಸಬಾಗದಲ್ಲಿ ಬೇರೆಯವರ ಕೊಟ್ಟಿಗೆಯ ಸಗಣಿ ಬಳಿಯುತ್ತ ಸುರು ಮಾಡಿ, ಎತ್ತಿನ ಹಲ್ಲು ನೋಡುವುದನ್ನೂ ಮನುಷ್ಯರ ಮುಖ ನೋಡುವುದನ್ನೂ ಒಟ್ಟಿಗೇ ಕಲಿತು, ಸ್ವಂತ ಮನೆ ಕಟ್ಟಿದವನು. ನಮ್ಮ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ ಹಿಡಿದು ಮೇಲೆ ವಲ್ಲಿ ಹಾಕುತ್ತೇವೆ. ಒಳಗೆ ಬೆರಳು ಬೆರಳಿನ ಕೂಡ ಮಾತಾಡುತ್ತದೆ. ಒಂದು ಬೆರಳು ಒತ್ತಿದರೆ ಒಂದು ಅರ್ಥ, ನಾಲ್ಕು ಹಿಡಿದರೆ ಇನ್ನೊಂದು. ಸುತ್ತ ಎಷ್ಟೇ ಮಂದಿ ನಿಂತಿರಲಿ, ಒಳಗೆ ಏನು ನಡೆಯಿತೆಂದು ಯಾರಿಗೂ ಕಾಣುವುದಿಲ್ಲ. ಮುಗಿದ ಮೇಲೆ ಎಷ್ಟಕ್ಕೆ ಮುಗಿಯಿತು ಎಂದು ಕೇಳುವಂತೆಯೂ ಇಲ್ಲ. ಕೇಳಿದವನನ್ನು ಮತ್ತೆ ಯಾರೂ ಬಾಜು ನಿಲ್ಲಿಸಿಕೊಳ್ಳುವುದಿಲ್ಲ.

ತಂಗಿ ಮಹಾದೇವಿಯ ಮಗಳು ನೀಲಾಳಿಗೆ ಆಗ ಒಂಬತ್ತು ವರ್ಷ, ನಾಲ್ಕನೇ ಇಯತ್ತೆ. ಅಪ್ಪ ಈರಣ್ಣ ಖಾನಾಪುರದ ಪೇಟೆಯಲ್ಲಿ ಪಂಪು, ಮೋಟಾರು ರಿಪೇರಿಯ ಅಂಗಡಿ ಇಟ್ಟವನು. ಹುಡುಗಿಗೆ ಯಾರೂ ಓದು ಕಲಿಸಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಗ್ರೀಸಿನ ಡಬ್ಬಿಗಳ ಮೇಲಿನ ಅಕ್ಷರ ನೋಡುತ್ತಲೇ ಕಲಿತಳು. ಸಾಲಿಗೆ ಸೇರುವ ಮೊದಲೇ ಮೋಟಾರಿನ ಸುತ್ತು ಎಲ್ಲಿ ಸುಟ್ಟಿದೆ ಎಂದು ಮೂಸಿ ಹೇಳುತ್ತಿದ್ದಳು. ಈರಣ್ಣನಿಗೆ ಅದರ ಹೆಮ್ಮೆ ವಿಪರೀತ. ಗಿರಾಕಿ ಬಂದರೆ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ಯಾವದರೆ ಎರಡು ಅಂಕಿ ಹೇಳ್ರಿ, ಬಾಯಿಲೆ ಗುಣಾಕಾರ ಮಾಡತಾಳ" ಎನ್ನುತ್ತಿದ್ದ. ಅವಳು ಮಾಡುತ್ತಿದ್ದಳು. ಮಂದಿ ಚಹಾ ಕುಡಿಯುತ್ತ ಇನ್ನೊಂದು, ಇನ್ನೊಂದು ಎಂದು ಕೇಳುತ್ತಿದ್ದರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ತೋರಿಸುವುದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂದೇ ವ್ಯತ್ಯಾಸವೆಂದರೆ ಎತ್ತು ಮನೆಗೆ ಬಂದು ಗೋಡೆಗೆ ತಲೆ ಬಡಿದುಕೊಳ್ಳುವುದಿಲ್ಲ.

ಸಾಲಿಯಲ್ಲಿ ಅವಳು ಬೇರೆಯೇ ಹುಡುಗಿ. ಆ ಜೂನಿನಲ್ಲಿ ಮಳೆ ಹಿಡಿದ ಮೊದಲ ವಾರವೇ ಒಬ್ಬಳ ಕೂದಲು ಹಿಡಿದು ಎಳೆದಳು, ಡಸ್ಟರ್ ಎಸೆದು ಇನ್ನೊಬ್ಬನ ಹುಬ್ಬು ಒಡೆದಳು. ಕಪಾಳಕ್ಕೆ ಹೊಡೆದ ಮಾಸ್ತರರ ಕೈಯನ್ನು ಕಚ್ಚಿ ಹಿಡಿದಾಗ, ಬಿಡಿಸಲು ಇಬ್ಬರು ಬರಬೇಕಾಯಿತಂತೆ. ಮನೆಗೆ ಬಂದರೆ ಅಪ್ಪನ ಸೊಂಟದ ಪಟ್ಟಾ. ಈರಣ್ಣ ಕೆಟ್ಟವನಲ್ಲ, ಆದರೆ ಅವನಿಗೆ ಕೈ ಮೊದಲು, ಮಾತು ಆಮೇಲೆ. ಮಹಾದೇವಿ ಫೋನಿನಲ್ಲಿ ಅಳಲಿಲ್ಲ. "ಅಣ್ಣಾ, ಮನ್ಯಾಗ ಯಾರರೆ ಒಬ್ಬರು ಸಾಯೂದರೊಳಗ ಬಂದ್ಬಿಡು" ಎಂದಳು, ಅಷ್ಟೇ. ಬಿತ್ತನೆ ಮುಗಿದು ಮಳೆ ಹಿಡಿದರೆ ನಮ್ಮ ದಂಧೆ ತಣ್ಣಗಿರುತ್ತದೆ. ಎರಡು ಜೊತೆ ಅರಿವೆ ಹಿಡಿದು ಹೊರಟೆ.

ಬಂದವನೇ ನನಗೆ ಗೊತ್ತಿದ್ದ ಒಂದೇ ಔಷಧ ಕುಡಿಸಿದೆ.

"ನೀಲಾ, ವ್ಯವಹಾರ ಮಾಡೂಣು. ವಾರ ಪೂರ್ತಿ ಯಾರಿಗೂ ಹೊಡೀಲಿಲ್ಲ ಅಂದ್ರ ಏನ್ ಬೇಕು ಕೇಳು."

"ಸುಟ್ಟ ಮಿಕ್ಸರಿನ ಮೋಟಾರ್. ಬಿಚ್ಚಾಕ."

ಕೊಟ್ಟೆ. ಮುಂದಿನ ವಾರ ಸೀಲಿಂಗ್ ಫ್ಯಾನು ಕೇಳಿದಳು. ಅದನ್ನೂ ಗುಜರಿಯಿಂದ ತಂದೆ. ಎಷ್ಟು ಸುಲಭದ ಮಾಲು ಎಂದು ಒಳಗೊಳಗೇ ನಕ್ಕು, ಮೂರನೆಯ ವಾರ ನಾಲ್ಕು ಪೆಪ್ಪರಮಿಂಟಿನಲ್ಲಿ ಮುಗಿಸಲು ನೋಡಿದೆ. ಆ ಶನಿವಾರ ಬಾಜು ಕೂರುವ ಹುಡುಗಿಯ ತಲೆಗೆ ಊಟದ ಡಬ್ಬಿಯಿಂದ ಕುಟ್ಟಿ ಬಂದಳು.

"ಯಾಕ ಹೊಡದಿ? ಎರಡು ವಾರ ಛಲೋ ಇದ್ದಿಯಲ್ಲ."

"ಅದಕ್ಕ ಮಾಮಾ. ಹೊಡೀದ ಕುಂತೆ, ನೀ ರೇಟ್ ಇಳಿಸಿದಿ. ನಾ ಹೊಡಿಯೂ ಹುಡುಗಿ ಅಂತ ಗೊತ್ತಿದ್ರ ಅಲ್ಲೇನ, ಹೊಡೀದಿದ್ದಕ್ಕ ಬೆಲಿ?"

ಅವಳ ದನಿಯಲ್ಲಿ ತುಂಟತನ ಇರಲಿಲ್ಲ. ಲೆಕ್ಕ ಬಿಡಿಸಿ ಹೇಳಿದಂತೆ ಹೇಳಿದಳು. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಒಂದು ಮಾತು ಕೇಳಿ. ಆಸೆ ತೋರಿಸಿ ಪಳಗಿಸಲು ಹೋಗಬೇಡಿ. ಉಳಿದ ಮಕ್ಕಳು ನಿಮ್ಮ ಆಸೆಯನ್ನು ನೋಡುತ್ತಾರೆ. ಇವರು ಆಸೆಯ ಹಿಂದೆ ನಿಂತ ನಿಮ್ಮನ್ನು ನೋಡುತ್ತಾರೆ, ನಿಮ್ಮ ವ್ಯಾಪಾರವನ್ನು ನಿಮಗಿಂತ ಬೇಗ ಕಲಿಯುತ್ತಾರೆ.

ಜುಲೈ ಬಂತು. ಖಾನಾಪುರದ ಜುಲೈ ಮಳೆಯನ್ನು ಬೆಳಗಾವಿಯವರಾದ ನಾವು ಮಳೆ ಎನ್ನುವುದಿಲ್ಲ, ಹೊಡೆದಾಟ ಎನ್ನುತ್ತೇವೆ. ಗಾಳಿ ಪೇಟೆಯ ಅಂಗಡಿಗಳ ತಾಡಪತ್ರಿಯನ್ನು ಹರಿದು ಕರೆಂಟಿನ ತಂತಿಗೆ ನೇತುಹಾಕಿತು. ಮಲಪ್ರಭೆ ಕೆಂಪಾಗಿ ಉಬ್ಬಿ, ಬುಡ ಸಮೇತ ಕಿತ್ತ ಮರವನ್ನು ತಂದು ಸೇತುವೆಯ ಕಂಬಕ್ಕೆ ಗುದ್ದಿತು. ಆ ಸದ್ದು ಕೇಳಲೆಂದೇ ಮಂದಿ ದಂಡೆಗೆ ಹೋಗಿ ನಿಲ್ಲುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಸಾಲಿಯಿಂದ ಸುದ್ದಿ ಬಂತು. ನೀಲಾ ಪಕ್ಕದ ಬೆಂಚಿನ ಸಮರ್ಥ ಎಂಬ ಹುಡುಗನ ಅಂಗೈಗೆ ಕೈವಾರದ ಮೊನೆ ಇಳಿಸಿದ್ದಳು. ಅವನು "ಏ ಮೋಟಾರ್, ಗುಣಾಕಾರ ಮಾಡ" ಎನ್ನುತ್ತ ಅಳತೆಪಟ್ಟಿಯಿಂದ ಬೆಂಚು ಬಾರಿಸುತ್ತಿದ್ದನಂತೆ. ಮೊನೆ ಅಂಗೈ ದಾಟಿ ಬೆಂಚಿಗೆ ತಾಗಿತ್ತು.

ಸಮರ್ಥನ ಅಪ್ಪ ಮಾರುತಿ ಬಸ್ ಸ್ಟ್ಯಾಂಡಿನ ಬಾಜು ಹೋಟೆಲು ನಡೆಸುವವನು. ಮಗನಿಗೆ ಹೊಲಿಗೆ ಹಾಕಿಸಿ ನೇರ ಅಂಗಡಿಗೆ ಬಂದ. ಈರಣ್ಣ ಸ್ಕ್ರೂ ಡ್ರೈವರ್ ಕೆಳಗಿಟ್ಟು ಏಳುವ ಮೊದಲೇ ಕಾಲರ್ ಹಿಡಿದು ರಸ್ತೆಗೆ ಎಳೆದ.

"ಶ್ಯಾಣೇ ಮಗಳನ ಹಡದಿಯಲ್ಲ ಈರಣ್ಣಾ, ಮಂದಿ ಮುಂದ ಕುಣಸ್ತಿ. ನನ್ನ ಮಗನ ಕೈಯಾಗ ತೂತು ಬಿತ್ತು, ಅದನ್ನ ಎದರಿಂದ ಗುಣಾಕಾರ ಮಾಡತಾಳ ಕೇಳ ಬಾ."

ಕೆಸರಿನಲ್ಲಿ ಕೆಡವಿ ಒದ್ದ. ಈರಣ್ಣ ಎದ್ದು ಒಂದು ಕೊಟ್ಟ, ನಾಲ್ಕು ತಿಂದ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು, ಮಳೆ ಅದನ್ನು ಅಂಗಿಗೆ ತೊಳೆಯಿತು. ಕೊಡೆ ಹಿಡಿದವರು ಕೊಡೆ ಮಡಚದೆ ನೋಡಿದರು. ನಾನು ಮಾರುತಿಯ ಸೊಂಟ ಹಿಡಿದು ಜೋತುಬಿದ್ದೆ. ಅವನ ಬಿಕ್ಕು ನನ್ನ ತೋಳಿಗೆ ತಾಗಿತು. ಹೊಡೆಯುವವನೂ ಅಳುತ್ತಿದ್ದ ಎಂಬುದು ಆಗ ಗೊತ್ತಾಯಿತು.

ಆ ರಕ್ತದ ಬಾಯಿ ಹೊತ್ತುಕೊಂಡೇ ಈರಣ್ಣ ಮನೆಗೆ ಬಂದು ಸೊಂಟದ ಪಟ್ಟಾ ಬಿಚ್ಚಿದ. ನೀಲಾ ಓಡಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ಹಣೆಯನ್ನು ಒಂದೇ ಲಯದಲ್ಲಿ ಗೋಡೆಗೆ ಬಡಿಯುತ್ತಿದ್ದಳು. ಮೊದಲ ಏಟು ಅವಳ ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ನಾನು ಕೈ ಚಾಚಿದೆ. ಪಟ್ಟಾದ ಬಕಲು ಬಲಗೈಯ ಉಂಗುರಬೆರಳಿಗೆ ಬಡಿದು ಒಣಕಡ್ಡಿ ಮುರಿದ ಸದ್ದಾಯಿತು. ದಲ್ಲಾಳಿಗೆ ಬಲಗೈ ಬೆರಳೇ ಬಾಯಿ. ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅಷ್ಟರಲ್ಲಿ ಮಹಾದೇವಿ ಅಡುಗೆಮನೆಯಿಂದ ಬಂದು, ಎರಡೂ ಕೈಯಿಂದ ಗಂಡನ ಎದೆಗೆ ನೂಕುತ್ತ ನೂಕುತ್ತ ಅಂಗಳಕ್ಕೆ ಹಾಕಿ ಚಿಲಕ ಜಡಿದಳು.

"ಮಳ್ಯಾಗ ನಿಂದ್ರ. ಸಿಟ್ಟು ಪೂರಾ ತೊಳಕೊಂಡ ಮ್ಯಾಲ ಬಾಗಲಾ ಬಡಿ."

ಕತ್ತಲಾಗುವ ತನಕ ಅವನು ಬಾಗಿಲು ಬಡಿಯಲಿಲ್ಲ.

ಮರುದಿನ ಹೆಡ್ ಸರ್ ಕರೆಸಿದರು. ತಾಳ್ಮೆಯ ಮನುಷ್ಯ, ಆದರೆ ಅವರ ಎದುರಿಗೆ ಸಮರ್ಥನ ಬ್ಯಾಂಡೇಜು ಇತ್ತು. "ದಸರಾ ಸೂಟಿ ತನಕ ನೋಡತೇನಿ. ಅಷ್ಟರಾಗ ಇನ್ನೊಮ್ಮೆ ಹುಡುಗರ ಮೈಯಿಂದ ರಕ್ತ ಬಂದ್ರ ಸರ್ಟಿಫಿಕೇಟ್ ಕೈಯಾಗ ಕೊಟ್ಟು ಕಳಸ್ತೇನಿ. ಈ ಹುಡುಗೀ ಹೆಸರು ಊರ ತುಂಬ ಆಗೇತಿ, ಬ್ಯಾರೆ ಸಾಲಿಯವ್ರೂ ತಗೋಳೂದಿಲ್ಲ." ಹೊರಗೆ ಬಂದ ಈರಣ್ಣ, "ಹಂಗಾದ್ರ ಮನ್ಯಾಗ ಕುಂದರತಾಳ. ಸಾಲಿ ಬ್ಯಾಡ, ಏನೂ ಬ್ಯಾಡ" ಎಂದ. ಅವನು ಹೇಳಿದರೆ ಮಾಡುವವನೇ. ಆ ತಲೆಯನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿದರೆ ಅದು ಗೋಡೆ ಒಡೆದೀತು, ಇಲ್ಲವೇ ತಾನೇ ಒಡೆದುಕೊಂಡೀತು.

ಬೆರಳು ಕಟ್ಟಿಸಲು ಬೆಳಗಾವಿಗೆ ಹೋಗಲೇಬೇಕಿತ್ತು. ನೀಲಾಳನ್ನೂ ಕರೆದುಕೊಂಡು ಹೋದೆ, ಮಕ್ಕಳ ಮನಸ್ಸಿನ ಡಾಕ್ಟರೊಬ್ಬರಿಗೆ ತೋರಿಸಿದೆ. ಆ ಹೆಣ್ಣುಮಗಳು ಅರ್ಧ ದಿನ ಹುಡುಗಿಯ ಕೂಡ ಕೂತು ಚಿತ್ರ, ಲೆಕ್ಕ, ತುಂಡು ಜೋಡಿಸುವುದು, ಏನೇನೋ ಮಾಡಿಸಿದರು. ಆಮೇಲೆ ನನ್ನನ್ನು ಕರೆದರು. "ರೋಗ ಏನೂ ಇಲ್ರಿ. ಬುದ್ಧಿ ಹೈಸ್ಕೂಲಿನ ಹುಡುಗೂರದ್ದು, ಸಿಟ್ಟು ಬಾಲವಾಡಿ ಮಕ್ಕಳದ್ದು. ನೀವು ಬುದ್ಧಿ ನೋಡಿ ಇಕಿ ದೊಡ್ಡಾಕಿ ಅಂದ್ಕೋತೀರಿ, ಸಿಟ್ಟು ಮಾಡಿದಾಗ ಇಷ್ಟು ಶ್ಯಾಣೇದಾಕಿಗೆ ಇದೂ ತಿಳೀದಿಲ್ಲೇನು ಅಂತ ಹೊಡೀತೀರಿ. ಸಪ್ಪಳಾ, ಬೆಳಕು ಇಕಿಗೆ ಉಳದವರಕಿಂತ ಜಾಸ್ತಿ ಚುಚ್ಚತಾವು. ಯಾವಾಗ ಸಿಟ್ಟು ಏರತೈತಿ ಅನ್ನೂದು ಹೊಡ್ಯೂಕಿಂತ ಮೊದಲ ತಾನ ಹೇಳೂವಂಗ ಆಗಬೇಕು. ದಾರಿ ಹುಡಕ್ರಿ."

ದಾರಿಯನ್ನು ಹುಡುಕಿದವಳು ಅವಳೇ. ತಿರುಗಿ ಬರುವಾಗ ಬಸ್ಸು ಗುಂಡಿಯಿಂದ ಗುಂಡಿಗೆ ಹಾರುತ್ತಿತ್ತು, ನನ್ನ ಬೆರಳು ಜೀವ ತಿನ್ನುತ್ತಿತ್ತು. ಕೈಯ ಮೇಲೆ ವಲ್ಲಿ ಮುಚ್ಚಿಕೊಂಡು ಕೂತಿದ್ದೆ.

"ಮಾಮಾ, ಸಂತ್ಯಾಗ ಬಾಯಿಲೆ ಯಾಕ ಹೇಳಂಗಿಲ್ಲ?"

"ಬಾಯಿಲೆ ಹೇಳಿದ್ರ ಮಂದಿ ಕೇಳತಾರ. ಮಂದಿ ಕೇಳಿದ್ರ ಹಿಂದ ಸರಿಯಾಕ ನಾಚಿಕಿ ಬರತೈತಿ. ಜಗಳಾ ಆಗತೈತಿ."

ದೇಸೂರು ದಾಟಿದ ಮೇಲೆ ಅವಳ ಕೈ ವಲ್ಲಿಯ ಕೆಳಗೆ ಬಂದು, ಪಟ್ಟಿ ಕಟ್ಟಿದ ಬೆರಳನ್ನು ಬಿಟ್ಟು ಉಳಿದವನ್ನು ಹಿಡಿಯಿತು.

"ಸಿಟ್ಟಿಗೂ ರೇಟ್ ಮಾಡೂಣೇನ?"

ಒಂದು ಬೆರಳು ಅಂದರೆ ಕಿರಿಕಿರಿ. ಎರಡು ಅಂದರೆ ಕಿವಿಯೊಳಗೆ ಗುಂಯ್ ಎನ್ನುವುದು. ಮೂರಕ್ಕೆ ಹಲ್ಲು ಕಚ್ಚುತ್ತವೆ. ನಾಲ್ಕಕ್ಕೆ ಎದುರಿನವರ ಮುಖ ಕಾಣುವುದಿಲ್ಲ, ಬಾಯಿ ಮಾತ್ರ ಕಾಣುತ್ತದೆ. ಐದು ಅಂದರೆ ಕೈ ಎದ್ದಾಯಿತು. ಇದೆಲ್ಲ ಅವಳೇ ಕಟ್ಟಿದ ಲೆಕ್ಕ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಗಡಿನ ಪತ್ರಾದ ಮಾಡಿನ ಕೆಳಗೆ ನಿಂತೆವು. ಮಳೆ ಆ ಪತ್ರಾದ ಮೇಲೆ ಜಲ್ಲಿಕಲ್ಲಿನ ಲಾರಿ ಸುರುವಿದಂತೆ ಸುರಿಯಿತು. ವಲ್ಲಿಯ ಕೆಳಗೆ ಅವಳ ಬೆರಳು ಒಂದಾಯಿತು, ಎರಡಾಯಿತು, ಮೂರಾಯಿತು. ಅಲ್ಲಿ ಅವಳಿಗೆ ಯಾರೂ ಏನೂ ಅಂದಿರಲಿಲ್ಲ, ಆಡಿರಲಿಲ್ಲ. ನಾನು ಎಳೆದುಕೊಂಡು ಬಯಲಿಗೆ ಬಂದೆ. ನೆನೆಯುತ್ತ ನಿಂತಾಗ ಬೆರಳು ಒಂದಕ್ಕೆ ಇಳಿಯಿತು.

"ನಿಮ್ಮ ವರ್ಗದ ಮ್ಯಾಲೂ ಪತ್ರಾನ ಐತೇನ?" ಎಂದೆ.

"ಹೂಂ. ತಲಿಯೊಳಗ ಮೊಳಿ ಜಡದಂಗ ಆಗತೈತಿ. ಅದರಾಗ ಟೀಚರ್ ಒದರಿ ಒದರಿ ನಂಗ ಗೊತ್ತಿದ್ದದ್ದನ್ನ ಮತ್ತ ಮತ್ತ ಹೇಳತಾರ. ಉತ್ತರಾ ಹೇಳಿದ್ರ ಕುಂದರು ಅಂತಾರ. ಹೇಳದಿದ್ರ ಸೊಕ್ಕು ಅಂತಾರ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಎಲ್ಲರಿಗೂ ಹಾಗೇ ಆಗುತ್ತದೆ, ಅವರು ತಡೆದುಕೊಳ್ಳುತ್ತಾರೆ, ನಾನೊಬ್ಬಳೇ ಕೆಟ್ಟವಳು ಅಂದುಕೊಂಡಿದ್ದೆ ಎಂದಳು.

ಅವಳ ವರ್ಗಕ್ಕೆ ಹೊಸದಾಗಿ ಬಂದ ಟೀಚರು ಸುಜಾತಾ, ಬೆಳಗಾವಿಯ ಅನಗೋಳದಿಂದ ದಿನಾ ಓಡಾಡುತ್ತಿದ್ದ ಗಟ್ಟಿ ಹುಡುಗಿ. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಎರಡರಲ್ಲೂ ಜಗಳಕ್ಕೆ ಸೈ. ಸಾಲಿ ಬಿಟ್ಟ ಮೇಲೆ ಹೋಗಿ ಬೆರಳಿನ ವಿಷಯ ಹೇಳಿದೆ.

"ನನ್ನ ವರ್ಗದಾಗ ದನದ ಸಂತಿ ನಡಸೂದೇನ್ರಿ ಕಾಕಾ?"

"ನಾಲ್ಕು ಬೆರಳು ಹಿಡದ್ರ ಹೊರಗ ಬಿಡ್ರಿ, ಅಷ್ಟ. ಏನೂ ಕೇಳಬ್ಯಾಡ್ರಿ, ಯಾಕಂತ ವರ್ಗದ ಮುಂದ ಹೇಳಬ್ಯಾಡ್ರಿ. ತಣ್ಣಗಾದ ಮ್ಯಾಲ ತಾನ ಒಳಗ ಬರತಾಳ."

"ನಾಳೆ ಎಲ್ಲಾ ಹುಡುಗೂರೂ ಬೆರಳು ಹಿಡೀತಾರ."

"ಹಿಡದ್ರ ಒಂದೆರಡು ದಿನ. ಹೊರಗ ಆಟ ಇಲ್ಲ, ಮಳಿ ಐತಿ. ಸುಳ್ಳು ಗಿರಾಕಿ ತಾನ ಕಡಿಮಿ ಆಗತಾವು."

ಅವರು ನಕ್ಕರು, ಆದರೆ ಬಿಡಲಿಲ್ಲ. ಎಳೆದಾಡಿ ಎಳೆದಾಡಿ ಮಾತು ಮುಗಿಸಿದೆವು. ನೀಲಾಳ ಬೆಂಚು ಬಾಗಿಲ ಬಾಜು. ಒಂದು ಸಲ ಕೇಳಿ ತಿಳಿದದ್ದನ್ನು ಮತ್ತೆ ಬರೆಸುವುದಿಲ್ಲ, ಆ ಹೊತ್ತಿಗೆ ಮೇಲಿನ ಇಯತ್ತೆಯ ಲೆಕ್ಕ. ದಡ್ಡ ಹುಡುಗರಿಗೆ ಕಲಿಸು ಎಂದು ಅವಳನ್ನು ಪುಕ್ಕಟೆ ಟೀಚರನ್ನಾಗಿ ಮಾಡುವುದಿಲ್ಲ. ಇದು ನಾನು ಪಡೆದದ್ದು. ಅವರು ಕೇಳಿದ್ದು ಎರಡೇ, ಆದರೆ ಎರಡೂ ಭಾರಿ. "ಅಂಗಡ್ಯಾಗಿನ ಸ್ಟೂಲ್ ಬಂದ್ ಆಗಬೇಕು. ಪಟ್ಟಾ ಬಂದ್ ಆಗಬೇಕು. ಮನ್ಯಾಗ ಹೊಡಸ್ಕೊಂಡು ಬಂದ ಕೂಸಿಗೆ ನಾ ಸಾಲ್ಯಾಗ ಹೊಡೀಬ್ಯಾಡ ಅಂದ್ರ ನಗತೈತಿ."

ಮನೆಯಲ್ಲಿ ಹೇಳಿದಾಗ ಈರಣ್ಣ ಒಡೆದ ತುಟಿಯಲ್ಲೇ ಸಿಡಿದ. "ನಾ ಹೊಡಸ್ಕೊಂಡ ದೊಡ್ಡಾಂವ ಆದೆ ಅಣ್ಣಾರ. ನನಗೂ ತಲಿ ಇತ್ತು. ನಮ್ಮಪ್ಪಗ ಒಂದು ದಿನಾ ಶಬ್ಬಾಸ್ ಅನ್ನಾಕ ಆಗಲಿಲ್ಲ. ನಾ ಮಂದಿ ಮುಂದ ನಿಲ್ಲಿಸಿ ಶಬ್ಬಾಸ್ ಅಂತೇನಿ, ಅದೂ ತಪ್ಪೇನ?"

"ಶಬ್ಬಾಸ್ ಅನ್ನು. ಮಂದಿ ಹೋದ ಮ್ಯಾಲ ಅನ್ನು. ಉತ್ತರಕ್ಕ ಅನ್ನಬ್ಯಾಡ, ಹೊಡೀದ ತಡದದ್ದಕ್ಕ ಅನ್ನು" ಎಂದೆ. ಅವನು ಎದ್ದು ಹೋಗಿ ಸ್ಟೂಲನ್ನು ನೆಲಕ್ಕೆ ಬಡಿದು ಕಾಲು ಮುರಿದ. ಸಿಟ್ಟಿನಿಂದಲೇ ಮುರಿದ, ಆದರೆ ಮತ್ತೆ ಜೋಡಿಸಲಿಲ್ಲ.

ಆಗಸ್ಟು ಹೀಗೆ ಎಳೆದಾಡುತ್ತ ಹೋಯಿತು. ಗೆದ್ದೆವು ಎಂದು ಬರೆದರೆ ಓದುವವರಿಗೆ ಮೋಸ ಮಾಡಿದಂತೆ. ಸುಜಾತಾ ಟೀಚರ್ ಹಲಗೆ ಒರೆಸುವ ಅರಿವೆಯನ್ನೇ ವಲ್ಲಿ ಮಾಡಿಕೊಂಡಿದ್ದರು. ಎಷ್ಟೋ ದಿನ ನೀಲಾ ನಾಲ್ಕು ಹಿಡಿದು ಪಡಸಾಲೆಗೆ ಹೋಗಿ ಮಳೆಗೆ ಮುಖ ಒಡ್ಡಿ ನಿಲ್ಲುತ್ತಿದ್ದಳು. ಒಂದು ದಿನ ಮೂರರಿಂದ ನೇರ ಐದಕ್ಕೆ ಹಾರಿ, ಒಳಗೆ ಹಿಡಿದಿದ್ದ ಟೀಚರ ಕೈಯನ್ನೇ ಉಗುರಿನಿಂದ ಗೀರಿಬಿಟ್ಟಳು. ಅವರು ಕೈ ಬಿಡಲಿಲ್ಲ, ಹೆಡ್ ಸರಿಗೆ ಹೇಳಲಿಲ್ಲ, ಮರುದಿನ ಉದ್ದ ತೋಳಿನ ಜಂಪರು ತೊಟ್ಟು ಬಂದರು. ಮನೆಯಲ್ಲಿ ಸಂಜೆ ಚಹಾದ ಹೊತ್ತಿಗೆ ಮಹಾದೇವಿಯೂ ಮಗಳೂ ಸೆರಗಿನ ಕೆಳಗೆ ಕೈ ಹಿಡಿದು ಕೂರುತ್ತಿದ್ದರು. "ನಂದೂ ಮೂರು ಐತಿ ಇವತ್ತ" ಎಂದು ತಂಗಿ ಹೇಳಿದ ದಿನ ನೀಲಾ ತಾನೇ ಎದ್ದು ಪಾತ್ರೆ ತೊಳೆದಳು. ಈರಣ್ಣ ಮಾತ್ರ ಕೈ ಕೊಡುತ್ತಿರಲಿಲ್ಲ. ದೂರ ಕೂತು ಮೋಟಾರು ಸುತ್ತುತ್ತ ಕಣ್ಣಂಚಿನಲ್ಲಿ ನೋಡುತ್ತಿದ್ದ. ಪಟ್ಟಾ ಸೊಂಟದಲ್ಲೇ ಇತ್ತು.

ದಸರಾ ಹತ್ತಿರ ಬಂದಾಗ ಸುಜಾತಾ ಟೀಚರಿಗೆ ಜ್ವರ ಬಂತು. ಬದಲಿಗೆ ಬಂದವರಿಗೆ ಬೆರಳಿನ ವಿಷಯ ಯಾರೂ ಹೇಳಿರಲಿಲ್ಲ. ಹಿಂಗಾರಿನ ಗುಡುಗು ಮಳೆ ಪತ್ರಾದ ಮೇಲೆ ಕುಣಿಯುತ್ತಿತ್ತು. ನೀಲಾ ಎದ್ದು ಹೋಗಿ ಹಲಗೆಯ ಅರಿವೆ ಎತ್ತಿ ನಾಲ್ಕು ಬೆರಳು ಚಾಚಿದಳು. ಅವರು ಇದೇನು ಅಧಿಕಪ್ರಸಂಗ ಎಂದು ಆ ಬೆರಳುಗಳ ಮೇಲೆಯೇ ಪಟ್ಟಿಯಿಂದ ಬಾರಿಸಿದರು. ವರ್ಗ ನಕ್ಕಿತು. ನೀಲಾ ತಿರುಗಿದಾಗ ಎದುರಿಗೆ ಸಮರ್ಥ ನಿಂತಿದ್ದ. ಅವಳ ಕೈ ಎದ್ದಿತು. ಅವನು ಹೊಲಿಗೆಯ ಗುರುತಿದ್ದ ಅಂಗೈಯನ್ನು ಮುಖಕ್ಕೆ ಅಡ್ಡ ಹಿಡಿದ. ಎದ್ದ ಮುಷ್ಟಿ ಅವನನ್ನು ದಾಟಿ ಕಿಟಕಿಯ ಗಾಜಿಗೆ ಹೋಯಿತು. ಮುಂಗೈ ಮೊಣಕೈ ತನಕ ಸೀಳಿತು. ಕರಿ ಹಲಗೆಯ ಕೆಳಗೆ ರಕ್ತ ಹರಿದು ಸೀಮೆಸುಣ್ಣದ ಪುಡಿಯಲ್ಲಿ ಹೆಪ್ಪುಗಟ್ಟಿತಂತೆ.

ಹೆಡ್ ಸರ್ ಹೇಳಿದ್ದು ಹುಡುಗರ ಮೈಯಿಂದ ರಕ್ತ ಎಂದು. ಇದು ಅವಳದೇ ರಕ್ತ. ಇದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ತೀರ್ಮಾನಿಸಲು ಸೂಟಿಯ ಹಿಂದಿನ ದಿನ ಎಲ್ಲರನ್ನೂ ಕರೆದರು. ಅವರ ಕೋಣೆಗೂ ಪತ್ರಾವೇ. ಮಳೆ ಎಷ್ಟು ಜೋರಿತ್ತೆಂದರೆ ಮೇಜಿನ ಆಚೆಯವರ ಮಾತು ತುಟಿ ನೋಡಿ ತಿಳಿಯಬೇಕಿತ್ತು. ಒಂದು ಬದಿಗೆ ಮಾರುತಿ, ಸಮರ್ಥ. ಇನ್ನೊಂದು ಬದಿಗೆ ಈರಣ್ಣ, ನಾನು, ನಡುವೆ ನೀಲಾ. ಅವಳ ಬಲಗೈ ಪೂರ್ತಿ ಬ್ಯಾಂಡೇಜು, ಎಡಗೈ ಕಿವಿಯ ಮೇಲೆ. ಜ್ವರದಿಂದ ಎದ್ದು ಬಂದ ಸುಜಾತಾ ಟೀಚರ್ ಬಾಗಿಲಿಗೆ ಒರಗಿ ನಿಂತಿದ್ದರು.

"ಆಕಿ ಹೊಡಿಯಲಿಲ್ರಿ ಸರ್" ಎಂದರು ಟೀಚರ್. "ಹೊಡಿಯೂ ಕೈಯನ್ನ ತಿರುಗಿಸ್ಯಾಳ. ಜೂನ್‌ನ್ಯಾಗ ಇದು ಆಗತಿರಲಿಲ್ಲ."

ಮಾರುತಿ ಕುರ್ಚಿ ಮುಂದಕ್ಕೆ ಎಳೆದ. "ಇವತ್ತ ಗಾಜು, ನಾಳೆ ನನ್ನ ಮಗನ ಕಣ್ಣು. ಹುಚ್ಚು ನಾಯಿ ಕಚ್ಚಲಿಲ್ಲ ಅಂತ ಮನ್ಯಾಗ ಇಟ್ಕೋತಾರೇನ್ರಿ?"

ಈರಣ್ಣ ಎದ್ದ. ಕುರ್ಚಿ ಹಿಂದೆ ಬಿತ್ತು. ಮುಷ್ಟಿ ಬಿಗಿದಿತ್ತು, ಕುತ್ತಿಗೆಯ ನರ ಹೊರಗೆ ಬಂದಿತ್ತು. ಹೆಡ್ ಸರ್ ಮೇಜು ಬಡಿದು, "ಈರಣ್ಣಾ, ಇಲ್ಲಿ ಕೈ ಎತ್ತಿದ್ರ ಸರ್ಟಿಫಿಕೇಟ್ ಈಗ ಬರೀತೇನಿ" ಎಂದದ್ದು ನನಗೆ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ಆ ಸದ್ದಿನಲ್ಲಿ ಅವನಿಗೆ ಎದುರಿನವನ ಬಾಯಿ ಮಾತ್ರ ಕಾಣುತ್ತಿತ್ತು. ಮಗಳು ಹೇಳಿದ್ದ ನಾಲ್ಕನೆಯ ಬೆರಳಿನ ಲಕ್ಷಣವನ್ನು ನಾನು ಅಪ್ಪನ ಕಣ್ಣಲ್ಲಿ ನೋಡಿದೆ. ಅವನ ತೋಳು ಹಿಡಿಯಲು ನಾನು ಏಳುವಷ್ಟರಲ್ಲಿ ನನ್ನ ಹೆಗಲು ಹಗುರಾಯಿತು.

ನೀಲಾ ವಲ್ಲಿ ಎಳೆದುಕೊಂಡಿದ್ದಳು. ಕಿವಿಯಿಂದ ಎಡಗೈ ತೆಗೆದು, ಅಪ್ಪನ ಮುಷ್ಟಿಯ ಮೇಲೆ ವಲ್ಲಿ ಹೊದಿಸಿ, ಅದರ ಕೆಳಗೆ ತನ್ನ ಕೈ ತೂರಿಸಿದಳು.

"ಅಪ್ಪಾ. ನಿಂದೆಷ್ಟು?"

ಅವನು ಕೊಸರಿದ. ಅವಳು ಬಿಡಲಿಲ್ಲ, ಅವನ ಜೊತೆಗೇ ಎಳೆದಾಡಿಸಿಕೊಂಡಳು, ಬ್ಯಾಂಡೇಜಿನ ಕೈ ಮೇಜಿಗೆ ಬಡಿದು ಬಿಳಿಯ ಮೇಲೆ ಕೆಂಪು ಮೂಡಿತು. ಮುಖ ಸುಣ್ಣವಾಗಿತ್ತು. ಮೇಲಿನ ಸದ್ದು ಅವಳನ್ನು ಕೊಲ್ಲುತ್ತಿದೆ ಎಂದು ನನಗೂ ಟೀಚರಿಗೂ ಗೊತ್ತಿತ್ತು. ವಲ್ಲಿಯ ಒಳಗೆ ಏನೋ ಉಬ್ಬಿತು, ನಿಂತಿತು, ತಗ್ಗಿತು, ಮತ್ತೆ ಉಬ್ಬಿತು. ನಾನು ಜನ್ಮವೆಲ್ಲ ಆ ಅರಿವೆಯ ಕೆಳಗೆ ವ್ಯವಹಾರ ಮಾಡಿದವನು. ಅಷ್ಟು ಗಟ್ಟಿಯಾದ ಎಳೆದಾಟವನ್ನು ಹೊರಗೆ ನಿಂತು ನೋಡಿರಲಿಲ್ಲ. ಕೊನೆಗೆ ವಲ್ಲಿ ಚಪ್ಪಟೆಯಾಯಿತು. ಈರಣ್ಣ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರಲ್ಲಿ ಕೂತ. ಅವನ ಕೈ ಇನ್ನೂ ಮಗಳ ಕೈಯಲ್ಲೇ ಇತ್ತು.

"ಮಾತಾಡ್ರಿ ಮಾರುತಿ. ಕೇಳತೇನಿ" ಎಂದ.

ಮಾರುತಿ ಮುಂದಕ್ಕೆ ಎಳೆದಿದ್ದ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಸಮರ್ಥ ಬಗ್ಗಿ ವಲ್ಲಿಯ ಅಂಚು ನೋಡುತ್ತ, "ಏನ್ ಮಾಡಿದಿ ಒಳಗ?" ಎಂದ.

"ಹೇಳಂಗಿಲ್ಲ."

ಹೆಡ್ ಸರ್ ಕನ್ನಡಕ ಒರೆಸಿ ಹಾಕಿಕೊಂಡರು. ಸೂಟಿ ಮುಗಿದ ಮೇಲೆ ನಾಲ್ಕನೇ ಇಯತ್ತೆ ಕೆಳಗಿನ ಹಂಚಿನ ಕೋಣೆಗೆ ಹೋಗಲಿ, ಗಣಿತಕ್ಕೆ ಮಾತ್ರ ಈ ಹುಡುಗಿ ಮೇಲಿನ ಇಯತ್ತೆಯವರ ಕೂಡ ಕೂರಲಿ ಎಂದರು. ಬದಲಿಗೆ ಬರುವ ಮಾಸ್ತರರಿಗೂ ಬೆರಳಿನ ವಿಷಯ ತಿಳಿಸುವ ಜವಾಬ್ದಾರಿ ಸುಜಾತಾ ಟೀಚರದ್ದು. ಮಾರುತಿ ಎದ್ದು ಹೋಗುವಾಗ ಈರಣ್ಣನ ಹೆಗಲಿಗೆ ಕೈ ತಾಗಿಸಿದನೋ, ಬಾಗಿಲು ಇಕ್ಕಟ್ಟಾಗಿ ತಾಗಿತೋ, ನಾನು ಹೇಳಲಾರೆ.

ದಾರಿಯಲ್ಲಿ ಈರಣ್ಣ ಮುಂದೆ ನಡೆದ. ನಾವಿಬ್ಬರೂ ಒಂದೇ ಕೊಡೆಯಲ್ಲಿ ಹಿಂದೆ. ನನಗೆ ತಡೆಯಲಾಗಲಿಲ್ಲ.

"ಎಷ್ಟಿತ್ತ ನಿಮ್ಮಪ್ಪಂದು? ಎಷ್ಟಕ್ಕ ಇಳಿಸಿದಿ?"

ಅವಳು ನಿಂತು ನನ್ನ ಮುಖ ನೋಡಿದಳು. "ಅದನ್ನ ಕೇಳಬಾರದು ಮಾಮಾ. ಬಾಜು ಯಾರೂ ನಿಲ್ಲಿಸ್ಕೊಳ್ಳೂದಿಲ್ಲ."

ಮೂರು ವರ್ಷವಾಯಿತು. ಅವಳು ಈಗಲೂ ಸಿಡಿಯುತ್ತಾಳೆ, ಈಗಲೂ ಕೆಲವು ದಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಮಂದಿಯ ಮೇಲೆ ಕೈ ಮಾಡಿದ್ದು ಅದೇ ಮಳೆಗಾಲಕ್ಕೆ ಕೊನೆ. ಹೋದ ವಾರ ಚಹಾ ಕುಡಿದು ಹೊರಡಲು ಎದ್ದಾಗ ಹಗ್ಗ ಖಾಲಿ ಇತ್ತು.

"ನನ್ನ ವಲ್ಲಿ ಎಲ್ಲೈತಿ?"

"ಅಂಗಡೀಗೆ ಒಯ್ದಾಳ" ಎಂದಳು ಮಹಾದೇವಿ. "ಯಾವದೋ ಪಂಪಿನ ಸಂಬಂಧ ಅಪ್ಪಗೂ ಮಗಳಿಗೂ ಜೋರ್ ಹತ್ತೇತಿ."

ಪೇಟೆಯ ಕಡೆಯಿಂದ ಇಬ್ಬರ ದನಿಯೂ ಮಳೆಯ ಮೇಲೆ ಏರಿ ಕೇಳಿಸುತ್ತಿತ್ತು. ಆಮೇಲೆ ಒಮ್ಮೆಲೇ ನಿಂತಿತು. ನಾನು ವಲ್ಲಿ ಇಸಿದುಕೊಳ್ಳಲು ಹೋಗಲಿಲ್ಲ. ಬರಿ ಹೆಗಲಲ್ಲಿ ಮಳೆಗೆ ಇಳಿದೆ. ಆ ಜೋಡಿ ಎತ್ತಿನ ದರವನ್ನು ಅವತ್ತು ಊರೆಲ್ಲ ಕೇಳುವಂತೆ ಬಾಯಿಬಿಟ್ಟೇ ಹೇಳಬೇಕಾಯಿತು.